ಕಪಿಲೆಯ ಚೋಕು

ನಮ್ಮ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ, ಸ್ಟಿಯರಿಂಗಿನ ಎಡಮಗ್ಗುಲಲ್ಲಿ, ಒಂದು ಅಡಿಕೆಯಷ್ಟು ಗಾತ್ರದ ಕರಿಯ ಗುಂಡಿಯಿದೆ. ಅದನ್ನು ಕಂಡವರಿಗೆಲ್ಲ ಅದಕ್ಕೆ ಏನನ್ನಾದರೂ ತೂಗುಹಾಕಬೇಕೆಂಬ ಬಯಕೆ ಅದೇಕೆ ಹುಟ್ಟುತ್ತದೆಯೋ ನಾನರಿಯೆ. ನನ್ನ ನಾದಿನಿ ಪೇಟೆಯಿಂದ ಬರುವಾಗ ಬಸಳೆ ಸೊಪ್ಪಿನ ಚೀಲವನ್ನು ಅದಕ್ಕೇ ನೇತುಹಾಕುತ್ತಾಳೆ. ಪಕ್ಕದ ಮನೆಯ ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಕನ್ನಡಕದ ದಾರವನ್ನು ಅದಕ್ಕೆ ಸಿಕ್ಕಿಸಿ, ಇಳಿಯುವಾಗ ಮರೆತು, ಕನ್ನಡಕ ಕಳೆಯಿತೆಂದು ಓಣಿಯನ್ನೆಲ್ಲ ಜಾಲಾಡಿದ್ದುಂಟು. “ಇದೆಂತದು?” ಎಂದು ಮೊದಲು ಕೇಳಿ ತಿಳಿದುಕೊಳ್ಳುವ ವಿವೇಕಿಗಳೂ ಆಗಾಗ ಸಿಗುತ್ತಾರೆ. ಆದರೆ ಅವರಿಗೆ ಉತ್ತರ ಹೇಳುವ ಭಾಗ್ಯ ಕಳೆದ ವರ್ಷವೆಲ್ಲ ನನಗೆ ದೊರೆಯಲೇ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮನೆಯವರು ಉತ್ತರವನ್ನೂ ಹೇಳಿ, ಅದರ ಮೇಲೊಂದು ಉದಾಹರಣೆಯನ್ನೂ ಬಡಿಸಿ ಮುಗಿಸಿರುತ್ತಿದ್ದರು.

ಅದು ಚೋಕು. ಕೀಲಿ ತಿರುವಿದರೆ, ಅಥವಾ ಈಗಿನವುಗಳಂತೆ ಬರಿದೇ ಒಂದು ಬಟನ್ ಒತ್ತಿದರೆ, ತಕರಾರಿಲ್ಲದೆ ಹೊರಟುಬಿಡುವ ವಾಹನವುಳ್ಳ ಪುಣ್ಯವಂತರಾದ ನಿಮಗೆ ಇದರ ಮಹಿಮೆ ತಿಳಿದಿರಲಿಕ್ಕಿಲ್ಲ. ಶಿರಸಿಯ ಮಾರ್ಗಶಿರ ಮಾಸದ ಬೆಳಗಿನಲ್ಲಿ ರಾತ್ರಿಯಿಡೀ ತಣ್ಣಗೆ ಕೊರೆದುಕೊಂಡು ನಿಂತ ಹಳೆಯ ಇಂಜಿನ್ನಿಗೆ ಮಾಮೂಲಿನಷ್ಟು ಪೆಟ್ರೋಲು ಸಾಲುವುದಿಲ್ಲ. ಗುಂಡಿ ಎಳೆದರೆ ಒಳಗೆ ಹೋಗುವ ಗಾಳಿ ಕಡಿಮೆಯಾಗಿ, ಪೆಟ್ರೋಲಿನ ಪಾಲು ಹೆಚ್ಚಿ, ಇಂಜಿನ್ ಹೇಗೋ ಹೊತ್ತಿಕೊಳ್ಳುತ್ತದೆ. ಹಾಗೆಂದು ಎಳೆದಲ್ಲಿಗೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಅದು ಬೆಚ್ಚಗಾಗುತ್ತ ಬಂದಂತೆ ಗುಂಡಿಯನ್ನು ಚೂರು ಚೂರೇ ಒಳಗೆ ದೂಡುತ್ತ ಬರಬೇಕು. ಅವಸರಪಟ್ಟು ಒಮ್ಮೆಲೇ ದೂಡಿದಿರೋ, ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಮರೆತು ಹಾಗೆಯೇ ಬಿಟ್ಟಿರೋ, ಹೊಟ್ಟೆ ತುಂಬಿದವನ ಎಲೆಗೆ ಮತ್ತೂ ಮತ್ತೂ ಹೋಳಿಗೆ ಹಾಕಿದಂತೆ, ಪೆಟ್ರೋಲು ಮಿತಿಮೀರಿ, ಕರಿಹೊಗೆ ಕಾರಿ, ಆಗಲೂ ನಿಲ್ಲುತ್ತದೆ.

ಈ ಕಾರು ನಮಗೆ ಬಂದದ್ದು ಸಿದ್ದಾಪುರದ ವೃದ್ಧ ವೈದ್ಯೆಯೊಬ್ಬರಿಂದ. ಕಣ್ಣು ಮಂಜಾಗಿ, ತಾವಿನ್ನು ಓಡಿಸಬಾರದೆಂದು ತೀರ್ಮಾನಿಸಿದ ಮೇಲೆ ಅವರು ಅದನ್ನು ಕೊಡುವುದಕ್ಕೆ ಮನುಷ್ಯರನ್ನು ಹುಡುಕಿದ್ದು, ಮಗಳಿಗೆ ವರನನ್ನು ಹುಡುಕಿದಷ್ಟೇ ಜಾಗರೂಕತೆಯಿಂದ. ಬಣ್ಣ ಕಂದು, ಸ್ವಭಾವ ಸಾಧು, ಬೆಳಗಿನ ಹೊತ್ತು ಮಾತ್ರ ಹಟಮಾರಿ. ಕೊಟ್ಟಿಗೆಯೇ ಇಲ್ಲದ ಪೇಟೆಮನೆಯಲ್ಲಿ ಬಾಳುವ ನನಗೆ ಒಂದಕ್ಕಾದರೂ ಹಸುವಿನ ಹೆಸರಿಡುವ ಆಸೆಯಿತ್ತು. ಹೀಗಾಗಿ ಕಾರು ‘ಕಪಿಲೆ’ಯಾಯಿತು.

ಕಪಿಲೆಯ ಗುಣ ನನಗೆ ಒಮ್ಮೆಲೇ ಒಲಿಯಲಿಲ್ಲವೆಂಬುದಕ್ಕೆ ನಿಲ್ಕುಂದದ ನೆಂಟರು ಸಾಕ್ಷಿ. ಅವರ ಮನೆಯ ಉಪನಯನಕ್ಕೆ ರೇಶ್ಮೆ ಸೀರೆ ಉಟ್ಟು, ನಾದಿನಿಯನ್ನು ಕೂರಿಸಿಕೊಂಡು, ದಾರಿಯುದ್ದಕ್ಕೂ ನನ್ನ ಸಾರಥ್ಯದ ಪ್ರಶಂಸೆಯನ್ನು ನಾನೇ ಮಾಡಿಕೊಳ್ಳುತ್ತ ಹೊರಟಿದ್ದೆ. ಅವಳು ಉಡುಗೊರೆಯ ಚೀಲವನ್ನು ಆ ಗುಂಡಿಗೆ ತೂಗುಹಾಕಿದ್ದನ್ನಾಗಲೀ, ಚೀಲದ ಭಾರಕ್ಕೆ ಗುಂಡಿ ಹೊರಬಂದದ್ದನ್ನಾಗಲೀ ಗಮನಿಸಲು ನನ್ನ ಮಾತು ನನಗೆ ಪುರಸೊತ್ತು ಕೊಡಲಿಲ್ಲ. ಚಪ್ಪರದ ಬುಡದಲ್ಲಿ ಇಳಿದಾಗ ನಮ್ಮ ಹಿಂದೆ ಬಂದ ಕರಿಹೊಗೆ ನಮಗಿಂತ ಮೊದಲೇ ಒಳಗೆ ಹೋಗಿತ್ತು. ಹೋಮದ ಹೊಗೆ ಇಷ್ಟು ಬೇಗ ಎದ್ದಿತೇ ಎಂದು ಒಳಗಿನ ಹೆಂಗಸರು ಸೆರಗು ಮೂಗಿಗಿಟ್ಟು ಹೊರಗೆ ಬಂದರಂತೆ. ಹಾನಗಲ್ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆನಿಂತ ನಮ್ಮ ಗ್ಯಾರೇಜಿನವರು ಮರುದಿನ ಬಾನೆಟ್ ಎತ್ತಿ ನೋಡಿ, “ಅಕ್ಕಾರ, ಪೆಟ್ರೋಲ್ ಕುಡಿಸಿ ಕುಡಿಸಿ ಸಾಯಿಸ್ಬ್ಯಾಡ್ರಿ ಪಾಪ, ಉಸಿರಾಡಾಕ ಬಿಡ್ರಿ ಅದನ್ನ” ಎಂದರು. ಆ ಮಾತು ಮುಂದೆ ನನಗೇ ಬೇಕಾದೀತೆಂದು ಆಗ ಗೊತ್ತಿರಲಿಲ್ಲ.

ನನ್ನ ಮಾತಿನ ಪ್ರಸ್ತಾಪ ಬಂತಲ್ಲ, ಆ ಕಥೆಯನ್ನೂ ಹೇಳಿಬಿಡುತ್ತೇನೆ. ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದ ನಾನು, ಶಾಲೆಯ ಮಕ್ಕಳು ಕೈತಪ್ಪಿದ ಮೇಲೆ ಕೇಳುಗರ ಬರಗಾಲದಿಂದ ಕಂಗೆಟ್ಟು, ಮಹಿಳೆಯರ ತಾಳಮದ್ದಳೆ ಕೂಟವನ್ನು ಸೇರಿಕೊಂಡೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಎದುರುಬದುರಾಗಿ ಕುಳಿತವರು ತಾವೇ ರಾಜರೂ ರಾಣಿಯರೂ ಆಗಿ ಆ ಪದದ ಅರ್ಥವನ್ನು ಆಗಿಂದಾಗಲೇ ಹೊಸೆದು ಹೇಳುತ್ತಾರೆ. ಬರೆದಿಟ್ಟ ಮಾತಿಲ್ಲ, ಹಿಂದಿನಿಂದ ಪಿಸುಗುಟ್ಟಿ ನೆನಪಿಸುವವರಿಲ್ಲ. ನನ್ನಂಥವಳಿಗೆ ಇದಕ್ಕಿಂತ ಸ್ವರ್ಗ ಬೇರೊಂದುಂಟೇ? ರಾಣಿಯ ಅರ್ಥಕ್ಕೆ ಕುಳಿತರೆ ರಾಣಿಯ ತವರುಮನೆ, ಅಲ್ಲಿಯ ಆನೆಕುದುರೆ, ಅವಳ ಅಜ್ಜಿಯ ಸ್ವಭಾವ ಎಲ್ಲವನ್ನೂ ವಿವರಿಸದೆ ಬಿಡುತ್ತಿರಲಿಲ್ಲ.

ನಮ್ಮ ಕೂಟದ ಭಾಗವತರು ಭೈರುಂಬೆಯ ಭವಾನಕ್ಕ. ನನಗಿಂತ ಹಿರಿಯಳು, ಒಣಕಲು ದೇಹ, ಅದರಿಂದ ಇಂಥ ಕಂಠ ಹೇಗೆ ಹೊರಡುತ್ತದೆಂದು ಕೇಳಿದವರು ಬೆರಗಾಗುವಂಥ ಹಾಡಿಕೆ. ಮಾತು ಅತಿಯಾಯಿತೆಂದು ಕಂಡಾಗ ಕೈಯಲ್ಲಿರುವ ತಾಳವನ್ನು ಟಣ್ಣೆಂದು ತಟ್ಟಿ ಮುಂದಿನ ಪದಕ್ಕೆ ಹೋಗಿಬಿಡುವುದು ಭಾಗವತರ ಅಧಿಕಾರ. ಅರ್ಥ ಹೇಳುವವರಿಗೆ ಅದು ಅಪಮಾನ. ಎದುರಿಗಿದ್ದ ಜನರಿಗೆ ಬಿಡುಗಡೆ. ಆ ಏಟನ್ನು ನಾನು ತಿಂದಷ್ಟು ಈ ಮೂರು ತಾಲೂಕುಗಳಲ್ಲಿ ಇನ್ನಾರೂ ತಿಂದಿರಲಾರರು. “ನಿನ್ನ ರಾಣಿ ಯುದ್ಧಕ್ಕೆ ಹೊರಡವು ಅಂದ್ರೆ ಮೊದಲು ಆನು ತಾಳ ತಟ್ಟವು” ಎಂದು ಆಕೆ ಎಲ್ಲರೆದುರು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಒಳಗೊಳಗೇ ಹಲ್ಲು ಕಚ್ಚಿಕೊಂಡು.

ಇಂಥ ನನ್ನ ಮಾತು, ಹೋದ ವರ್ಷ ಒಂದು ಬೆಳಿಗ್ಗೆ ಚಹಾದ ಲೋಟ ಹಿಡಿದಿರುವಾಗಲೇ ನಿಂತುಹೋಯಿತು. ಹೇಳಬೇಕಾದದ್ದು ತಲೆಯೊಳಗೆ ಸ್ಪಷ್ಟವಾಗಿತ್ತು; ಬಾಯಿ ಮಾತ್ರ ಪರರ ಸೊತ್ತಾಗಿತ್ತು. ಮಿದುಳಿನ ಒಂದು ಮೂಲೆಗೆ ರಕ್ತ ಸರಿಯಾಗಿ ಹರಿದಿಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಹುಬ್ಬಳ್ಳಿಯ ವೈದ್ಯರು. ಕೈಕಾಲು ಉಳಿದವು. ಮಾತೂ ಮೆಲ್ಲಗೆ ಮರಳಿತು, ಆದರೆ ಒಂದು ವಿಚಿತ್ರ ಷರತ್ತಿನ ಮೇಲೆ. ಮೊದಲ ಶಬ್ದ ಹೊರಡುವುದೇ ಇಲ್ಲ. ಅದೊಂದು ಹೊರಟು, ಹಿಂದೆ ಎರಡನೆಯದು ಮೂರನೆಯದು ಬಂದು ಬಿಸಿಯೇರಿತೆಂದರೆ ಮುಂದೆ ಸಲೀಸು. ಸುಮ್ಮನಾಗಿ ಸ್ವಲ್ಪ ಹೊತ್ತು ಕಳೆಯಿತೋ, ಪುನಃ ತಣ್ಣಗೆ. ನನಗೆ ಒಳ್ಳೆಯ ಪರಿಚಯವಿದ್ದ ರೋಗವೇ ಇದು! ಕಪಿಲೆಗೆ ಇದ್ದದ್ದು ನನಗೂ ಬಂದಿತ್ತು, ನನಗೊಂದು ಗುಂಡಿ ಮಾತ್ರ ಇರಲಿಲ್ಲ.

ಗುಂಡಿಯ ಕೊರತೆಯನ್ನು ತುಂಬಲು ಊರೇ ಮುಂದೆ ಬಂತು. ನೀವು ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಕುಳಿತವರಾದರೆ ಉಪಚಾರವೆಂದರೇನೆಂದು ಗೊತ್ತಿರುತ್ತದೆ. ಬಡಿಸುವವರು ಕೇಳಿ ಹಾಕುವುದಲ್ಲ, ಹಾಕಿ ಕೇಳುವುದು. ಎಲೆಯ ಮೇಲೆ ಅಡ್ಡಹಿಡಿದ ಕೈಯ ಸಂದಿಯಿಂದಲೇ ಹೋಳಿಗೆ ಜಾರಿಸುವುದು. ನಮ್ಮ ಮನೆಯವರು ಈ ವಿದ್ಯೆಯಲ್ಲಿ ಪಾರಂಗತರು. ಅವರು ತುಪ್ಪದ ಗಿಂಡಿ ಹಿಡಿದು ಬಂದರೆಂದರೆ ಸಕ್ಕರೆ ಕಾಯಿಲೆಯವರು ಎದ್ದು ಓಡುತ್ತಾರೆ. ಅದೇ ಧಾರಾಳದಿಂದ ಅವರು ಈಗ ನನಗೆ ಮಾತು ಬಡಿಸತೊಡಗಿದರು. ನಾನು ತುಟಿ ಬಿಚ್ಚಿದರೆ ಸಾಕು, ನೀರೇ, ಶಾಲೇ, ಫ್ಯಾನು ಹಾಕಬೇಕೇ, ಮಗಳಿಗೆ ಫೋನು ಮಾಡಬೇಕೇ? ನಾದಿನಿಯೂ ಹಾಗೆಯೇ, ಹಾಲು ತರುವವನೂ ಹಾಗೆಯೇ. ನನ್ನ ಅರ್ಧ ವಾಕ್ಯವನ್ನು ಎತ್ತಿಕೊಂಡು ತಮಗೆ ತೋಚಿದಂತೆ ಪೂರ್ತಿ ಮಾಡಿ, ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡುವರು. ಅಷ್ಟು ಪ್ರೀತಿಯಿಂದ ನೋಡುವವರ ಮುಂದೆ ಹೂಂ ಎಂದು ತಲೆಯಾಡಿಸದೆ ಏನು ಮಾಡಲಿ? ಹೀಗೆ ನಾನು ಬೇಡದ ನೀರು ಕುಡಿದೆ, ಬೇಡದ ಶಾಲು ಹೊದೆದೆ, ದಿನಕ್ಕಿಷ್ಟು ಹೆಚ್ಚು ಮೂಕಳಾಗುತ್ತ ಹೋದೆ.

ಒಂದು ಬೆಳಿಗ್ಗೆಯ ಪ್ರಸಂಗ ಕೇಳಿ. ನಾನು ಓಡಿಸದೆ ಕಪಿಲೆಯ ಬ್ಯಾಟರಿ ಸತ್ತೀತೆಂದು ನಮ್ಮ ಮನೆಯವರು ಅವಳನ್ನು ಆಗಾಗ ಅಂಗಳದಲ್ಲೇ ಚಾಲೂ ಮಾಡಿ ಇಡುತ್ತಿದ್ದರು. ಆ ದಿನ ಗುಂಡಿಯನ್ನು ಪೂರ್ತಿ ಎಳೆದು, ಇಂಜಿನ್ ಹೊತ್ತಿಕೊಂಡ ಸಂತೋಷದಲ್ಲಿ ಎಳೆದದ್ದನ್ನು ಮರೆತು, ಕೆಳಗಿಳಿದು ನನ್ನ ಬಳಿ ಬಂದು ನಿಂತರು. ಹಿಂದೆ ಕರಿಹೊಗೆ ಏಳುತ್ತಿದೆ. ನಾನು ಜಗುಲಿಯಲ್ಲಿ ಕುಳಿತು, ಒಳಗೆ ದೂಡಿ ಎಂದು ಹೇಳಲು ಹೆಣಗುತ್ತಿದ್ದೇನೆ. “ಒ… ಒ…” ಎಂಬಲ್ಲಿಗೇ ನಿಂತಿತು.

“ಒಲೆ? ಒಲೆ ಆರ್ಸವಾ?” ಎಂದರು. ನಾನು ಅಲ್ಲವೆಂದು ತಲೆಯಾಡಿಸಿದೆ. “ಒಗ್ಗರಣೆ ಸೀದು ಹೋತಾ? ಒಣಮೆಣಸು? ತಡಿ, ಒಣಮೆಣಸು ಬಿಸಿಲಿಗೆ ಹಾಕ್ತೆ!” ಎಂದು ಅಡುಗೆಮನೆಗೆ ಓಡಿಯೇಬಿಟ್ಟರು. ಅವರು ಮೆಣಸು ಹರವಿದ ಬಿದಿರಿನ ಗೆರಸಿಯೊಂದಿಗೆ ಹೊರಬಂದಾಗ ಕಪಿಲೆ ಕೆಮ್ಮಿ, ನಡುಗಿ, ನಿಂತುಹೋಗಿದ್ದಳು. ನನಗೆ ನಗು ಬಂತು. ಆಮೇಲೆ ಅಳು ಬಂದದ್ದು ನಿಲ್ಲಲಿಲ್ಲ. ಅವರೂ ಗೆರಸಿ ಹಿಡಿದುಕೊಂಡೇ ನನ್ನ ಪಕ್ಕದಲ್ಲಿ ಕುಳಿತು ಅತ್ತರು, ಪಾಪ, ಯಾಕೆಂದು ಅವರಿಗೆ ಗೊತ್ತಿರಲಿಲ್ಲ.

ಆ ವಾರವೇ ಭವಾನಕ್ಕ ಬಂದಳು. ಎದುರಿಗೆ ಕಾಲುಚಾಚಿ ಕುಳಿತು ಕವಳದ ಬಟ್ಟಲನ್ನು ಎಳೆದುಕೊಂಡಳು. ನಾನು ಏನೋ ಹೇಳಹೊರಟು ಮೊದಲ ಶಬ್ದದಲ್ಲೇ ತಡವರಿಸಿದೆ. ಆಕೆ ತಲೆಯೆತ್ತಲಿಲ್ಲ. ವೀಳ್ಯದೆಲೆಯ ನಾರು ತೆಗೆದಳು, ಸುಣ್ಣ ಸವರಿದಳು, ಅಡಿಕೆಯ ಹೋಳನ್ನು ಬೆಳಕಿಗೆ ಹಿಡಿದು ನೋಡಿದಳು, ತನಗೆ ಲೋಕದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸವೇ ಇಲ್ಲವೆಂಬಂತೆ. ನನ್ನ ಪರವಾಗಿ ಒಂದೇ ಒಂದು ಅಕ್ಷರವನ್ನೂ ಆಡಲಿಲ್ಲ. ಆಗ ಅದೆಲ್ಲಿತ್ತೋ ಆ ಶಬ್ದ, ತಾನಾಗಿ ಬಂತು. ಅದರ ಹಿಂದೆ ಉಳಿದವೂ ಬಂದವು. ಎಷ್ಟೋ ತಿಂಗಳ ಮೇಲೆ ನಾನು ಒಂದು ಇಡೀ ವಾಕ್ಯವನ್ನು ನನ್ನದೇ ಬಾಯಿಂದ ಮುಗಿಸಿದ್ದೆ. ಆಕೆ ಕವಳ ಬಾಯಿಗಿಟ್ಟುಕೊಂಡು, ಮುಂದಿನ ತಿಂಗಳು ಯಲ್ಲಾಪುರದಲ್ಲಿ ತಾಳಮದ್ದಳೆಯಿದೆ, ರಾಣಿಯ ಅರ್ಥ ನಿನ್ನದೆಂದು ಹೇಳಿ ಬಂದಿದ್ದೇನೆ ಎಂದಳು.

ಕರೆದವರು ಕರುಣೆಯಿಂದ ನನಗಾಗಿ ಎರಡೇ ಮಾತಿರುವ ದೂತನ ಪಾತ್ರವನ್ನು ಸೂಚಿಸಿದ್ದರಂತೆ. “ದೂತ ಎಂತಕ್ಕೆ? ನೀನು ರಾಣಿನೇಯ” ಎಂದಳು.

“ಮಾ… ಮಾತು ನಿಂತ್ರೆ ಎಂತ ಮಾಡವು?”

“ಆನಿದ್ನಲೇ!” ನಾನಿದ್ದೇನಲ್ಲ ಎಂದು ಅಷ್ಟೇ ಹೇಳಿ ಎದ್ದಳು. ಒಪ್ಪಿಕೊಂಡೆ. ಆದರೆ ಆ ರಾತ್ರಿಯೇ ಮನಸ್ಸಿನಲ್ಲಿ ಇನ್ನೊಂದು ಮಾತನ್ನೂ ಗಟ್ಟಿಮಾಡಿಕೊಂಡೆ. ಯಲ್ಲಾಪುರದಲ್ಲಿ ಜನರೆದುರು ಮಾತು ಕೈಕೊಟ್ಟರೆ ಇನ್ನು ಮುಂದೆ ತಾಳಮದ್ದಳೆಯಿಲ್ಲ. ಬಡಿಸಿದ ಮಾತನ್ನೇ ಉಂಡು, ತಲೆಯಾಡಿಸುತ್ತ, ಉಳಿದ ದಿನ ಕಳೆಯುವುದು.

ಹೊರಡುವ ಬೆಳಿಗ್ಗೆ ಮಂಜು ಎದುರಿನ ಗೇಟನ್ನೂ ನುಂಗಿತ್ತು. ವೈದ್ಯರ ಅಪ್ಪಣೆ ಆಗಲೇ ಸಿಕ್ಕಿದ್ದರಿಂದ ಚಾಲಕಿ ನಾನೇ. ಪಕ್ಕದಲ್ಲಿ ಕುಳಿತ ನಮ್ಮ ಮನೆಯವರ ಕೈ ಅಭ್ಯಾಸಬಲದಿಂದ ಗುಂಡಿಯ ಕಡೆಗೆ ಚಲಿಸಿತು. ನಾನು ಆ ಕೈಯನ್ನು ಹಿಡಿದು ಅವರ ತೊಡೆಯ ಮೇಲೆಯೇ ಇರಿಸಿದೆ. ಗುಂಡಿ ಎಳೆದೆ, ಕೀಲಿ ತಿರುವಿದೆ, ಎರಡು ಸಲ ಮುನಿಸು ತೋರಿ ಕಪಿಲೆ ಎದ್ದಳು. ನಾನು ಕಾದೆ. ಚೂರು ಒಳಗೆ ದೂಡಿ, ಅವಳ ಸದ್ದು ಕೇಳಿ, ಮತ್ತೆ ಕಾದೆ. ಭೈರುಂಬೆ ಬರುವಷ್ಟರಲ್ಲಿ ಗುಂಡಿ ಪೂರ್ತಿ ಒಳಗಿತ್ತು. ಭವಾನಕ್ಕ ತಾಳದ ಚೀಲ ಹಿಡಿದು ರಸ್ತೆಯ ಬದಿಗೆ ನಿಂತಿದ್ದಳು. ಹಿಂದಿನ ಸೀಟಿಗೆ ಹತ್ತಿದವಳೇ ಮುಂದೆ ಬಾಗಿ, ಚೀಲವನ್ನು ತೂಗುಹಾಕಲು ಆ ಗುಂಡಿಯತ್ತ ಕೈಚಾಚಿದಳು. “ಅಲ್ಲಿ ಬ್ಯಾಡ!” ಎಂದು ನಾವಿಬ್ಬರೂ ಒಟ್ಟಿಗೇ ಕೂಗಿದೆವು, ಮತ್ತು ನನ್ನ ಕೂಗು ತಡವರಿಸಲಿಲ್ಲವೆಂಬುದನ್ನು ಮಂಚಿಕೇರಿ ದಾಟಿದ ಮೇಲೆ ನಾನು ನೆನೆದುಕೊಂಡೆ.

ಯಲ್ಲಾಪುರದ ಆ ಸಭಾಭವನದಲ್ಲಿ ಜನ ತುಂಬಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ರಾಣಿಯನ್ನು ಕೇಳಲು ಬಂದವರಲ್ಲ, ನನ್ನನ್ನು ನೋಡಲು ಬಂದವರು. ರಾಣಿಯ ಪ್ರವೇಶದ ಪದವನ್ನು ಭವಾನಕ್ಕ ಹಾಡಿ ಮುಗಿಸಿದಳು. ಮದ್ದಳೆ ನಿಂತಿತು. ಬಾಯಿ ತೆರೆದೆ. ಏನೂ ಬರಲಿಲ್ಲ. ಹೇಳಬೇಕಾದ ವಾಕ್ಯ ಕಣ್ಣಮುಂದೆ ನಿಂತಿದೆ, ಮೊದಲ ಶಬ್ದ ಗಂಟಲಿಗೆ ಕಚ್ಚಿಕೊಂಡಿದೆ. ಎದುರಿನ ಸಾಲಿನಲ್ಲಿ ನಮ್ಮ ಮನೆಯವರ ತುಟಿಗಳು ಅಲುಗುತ್ತಿರುವುದು ಕಾಣಿಸುತ್ತಿತ್ತು. ಎದುರು ಅರ್ಥಕ್ಕೆ ಕುಳಿತಿದ್ದ ಗೆಳತಿ, “ಹಾಗಾದರೆ ರಾಣೀ, ನೀನು ಹೇಳುವುದೇನೆಂದರೆ…” ಎಂದು ಉಪಚಾರಕ್ಕೆ ಇಳಿಯುವುದರಲ್ಲಿದ್ದಳು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಆಗ ಭವಾನಕ್ಕ, ಏನೂ ಆಗಿಲ್ಲವೆಂಬಂತೆ, ಪದದ ಕೊನೆಯ ಸಾಲನ್ನು ಪುನಃ ಎತ್ತಿಕೊಂಡಳು. ಹೊಸಬರಿಗೆ ಅದು ಹಾಡಿನ ಸೊಗಸಿಗಾಗಿ ಮಾಡಿದಂತೆಯೇ ಕಂಡಿರಬೇಕು. ಮದ್ದಳೆಯೂ ಮೆತ್ತಗೆ ಜೊತೆಗೂಡಿತು. ಸಾಲು ಮುಗಿಯಿತು, ನಾನಿನ್ನೂ ಹೊರಟಿರಲಿಲ್ಲ. ಆಕೆ ನನ್ನ ಕಡೆ ನೋಡದೆಯೇ ಅದೇ ಸಾಲನ್ನು ಇನ್ನೊಂದು ಬಗೆಯಲ್ಲಿ, ಇನ್ನಷ್ಟು ಸಾವಧಾನವಾಗಿ, ಕವಳ ಕಟ್ಟುವಾಗಿನ ಅದೇ ಪುರಸೊತ್ತಿನಿಂದ ಹಾಡಿದಳು. ಆ ಸ್ವರದ ಬೆಚ್ಚನೆಯೊಳಗೆ ನನ್ನ ಗಂಟಲು ಮೆಲ್ಲಗೆ ಸಡಿಲಿತು. ಮೊದಲ ಶಬ್ದ ಹೊರಬಿತ್ತು, ಸೊಟ್ಟಗೆ. ಅದರ ಹಿಂದೆ ಎರಡನೆಯದು. ಆಕೆ ಹಾಡನ್ನು ನಿಲ್ಲಿಸಿದರೂ ಶ್ರುತಿಯನ್ನು ಬಿಡಲಿಲ್ಲ, ನನ್ನ ಮಾತಿನ ಕೆಳಗೆ ತೆಳುವಾಗಿ ಗುನುಗುತ್ತಿದ್ದಳು. ನಾನು ಒಂದು ವಾಕ್ಯ ಮುಗಿಸಿದಾಗ ಆ ಗುನುಗು ಚೂರು ತಗ್ಗಿತು, ಇನ್ನೊಂದಕ್ಕೆ ಇನ್ನಷ್ಟು. ಯಾವಾಗ ಪೂರ್ತಿ ನಿಂತಿತೋ ನನಗೆ ತಿಳಿಯಲೇ ಇಲ್ಲ. ಯಾಕೆಂದರೆ ಅಷ್ಟರಲ್ಲಿ ನಾನು ರಾಣಿಯ ತವರುಮನೆಗೆ ತಲುಪಿದ್ದೆ.

ಆನೆಗಳು ಬಂದವು, ಕುದುರೆಗಳು ಬಂದವು. ಒಂದು ವರ್ಷದಿಂದ ಒಳಗೇ ಉಳಿದಿದ್ದ ಮಾತೆಲ್ಲ ನಾ ಮುಂದು ತಾ ಮುಂದು ಎಂದು ಹೊರಟಿತ್ತು. ಜನ ನಕ್ಕರು, ಚಪ್ಪಾಳೆ ತಟ್ಟಿದರು, ಆಮೇಲೆ ಗಡಿಯಾರ ನೋಡತೊಡಗಿದರು. ರಾಣಿಯ ಅಜ್ಜಿಯ ಸ್ವಭಾವವನ್ನು ನಾನು ಇನ್ನೇನು ಬಣ್ಣಿಸಬೇಕು, ಟಣ್! ಭವಾನಕ್ಕನ ತಾಳ. ಮೊದಲಿನಂತೆಯೇ, ದಾಕ್ಷಿಣ್ಯವಿಲ್ಲದ ಏಟು. ಮುಂದಿನ ಪದ ಶುರುವಾಗಿಯೇ ಹೋಯಿತು.

ಆ ಏಟಿಗೆ ನನ್ನ ಕಣ್ಣು ತುಂಬಿ ಬಂತು. ನಾನು ಗುಣವಾದೆನೆಂದು ಹುಬ್ಬಳ್ಳಿಯಲ್ಲಿ ಯಾರು ಹೇಳಿದರೂ ನಾನು ನಂಬಿರಲಿಲ್ಲ, ಆ ತಾಳದ ಸದ್ದನ್ನು ನಂಬಿದೆ. ಒಂದು ವರ್ಷದಲ್ಲಿ ನನ್ನ ಮಾತನ್ನು ಸಾಕು ಎಂದು ನಿಲ್ಲಿಸಿದ ಮೊದಲ ವ್ಯಕ್ತಿ ಆಕೆ. ನಿಲ್ಲಿಸಬಲ್ಲಷ್ಟು ಮಾತನ್ನು ನನಗೆ ಮರಳಿಸಿದವಳೂ ಆಕೆಯೇ. ಊಟಕ್ಕೆ ಕುಳಿತಾಗ ಅದನ್ನು ಹೇಳಲು ಹೋದೆ. “ಉಣ್ಣೇ ಮಾರಾಯ್ತಿ, ಇವತ್ತಿಂದು ಸಾಕು ಮಾತು” ಎಂದು ಅದನ್ನೂ ಅಲ್ಲಿಗೇ ನಿಲ್ಲಿಸಿದಳು.

ಹೊರಡುವಾಗ ದಣಿದಿದ್ದ ನನ್ನನ್ನು ಪಕ್ಕದ ಸೀಟಿಗೆ ಕಳಿಸಿ ನಮ್ಮ ಮನೆಯವರೇ ಸ್ಟಿಯರಿಂಗಿಗೆ ಕುಳಿತರು. ಮರದ ನೆರಳಿನಲ್ಲಿ ನಿಂತು ಕಪಿಲೆ ಪುನಃ ತಣ್ಣಗಾಗಿದ್ದಳು. ಅವರು ಗುಂಡಿಯನ್ನು ಪೂರ್ತಿ ಎಳೆದರು. ಇಂಜಿನ್ ಭೋರ್ಗರೆಯಿತು, ಹಿಂದೆ ಕರಿಹೊಗೆ ಎದ್ದಿತು, ಬೀಳ್ಕೊಡಲು ಬಂದ ಸಂಘಟಕರು ಶಾಲಿನಲ್ಲಿ ಮೂಗು ಮುಚ್ಚಿಕೊಂಡರು. ನಾನು ಹೇಳಹೊರಟೆ. ಅಷ್ಟು ಹೊತ್ತು ಸುಮ್ಮನಿದ್ದ ಬಾಯಿಯೂ ತಣ್ಣಗಾಗಿತ್ತು. “ಒ… ಒ…”

ಅವರ ತುಟಿ ಅಲುಗಿತು, ಮುಚ್ಚಿಕೊಂಡಿತು. ಕೈ ಗುಂಡಿಯ ಮೇಲೆಯೇ ಇತ್ತು. ನಾನು ಹೇಳಬೇಕಾದದ್ದು ಏನೆಂದು ಈ ಸಲ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವರ ಕಣ್ಣಲ್ಲೇ ಕಾಣುತ್ತಿತ್ತು. ಆದರೂ ಅವರು ದೂಡಲಿಲ್ಲ, ಹೇಳಲೂ ಇಲ್ಲ. ಹೊಗೆ ಸಭಾಭವನದ ಮೆಟ್ಟಿಲೇರಿತು, ಸಂಘಟಕರು ಕಣ್ಮರೆಯಾದರು, ಹಿಂದಿನ ಸೀಟಿನಲ್ಲಿ ಭವಾನಕ್ಕ ಕೆಮ್ಮುತ್ತ ಕವಳದ ಸಂಚಿಯನ್ನು ಬಿಚ್ಚಿದಳು. ನನ್ನ ಗಂಡ ಸ್ಟಿಯರಿಂಗಿನ ಮೇಲೆ ಒಂದು ಕೈಯಿಟ್ಟು, ನನ್ನ ಮುಖವನ್ನೇ ನೋಡುತ್ತ, ಕಾದರು.

“ಒಳಗೆ ದೂಡಿ” ಎಂದೆ.

“ಹಾಂ, ಅಡ್ಡಿಲ್ಲೆ” ಎಂದರು, ಹೊಸ ಸಂಗತಿಯೊಂದನ್ನು ಈಗಷ್ಟೇ ತಿಳಿದವರಂತೆ, ಮತ್ತು ಮೆಲ್ಲಗೆ ದೂಡಿದರು.

ಆ ಗುಂಡಿಗೆ ಜನ ಈಗಲೂ ಚೀಲ ತೂಗುಹಾಕುತ್ತಾರೆ. ಮೊನ್ನೆ ಹುಲಗೋಳದಿಂದ ಬಂದ ನೆಂಟರೊಬ್ಬರು ಅದನ್ನು ಬೆರಳಲ್ಲಿ ಮುಟ್ಟಿ, “ಇದೆಂತದು?” ಎಂದು ಕೇಳಿದರು. ನಮ್ಮ ಮನೆಯವರು ಅಲ್ಲೇ ನಿಂತಿದ್ದರು. ನಾನು ಬಾಯಿ ತೆರೆದೆ, ಸ್ವಲ್ಪ ಹೊತ್ತು ಏನೂ ಬರಲಿಲ್ಲ. ನಮ್ಮ ಮನೆಯವರು ಬಾನೆಟ್ಟಿನ ಮೇಲೆ ಬಿದ್ದಿದ್ದ ಎಲೆಯೊಂದನ್ನು ತೆಗೆದರು, ಅದನ್ನು ಬೆಳಕಿಗೆ ಹಿಡಿದು ನೋಡಿದರು, ಲೋಕದಲ್ಲಿ ಅದಕ್ಕಿಂತ ಮುಖ್ಯವಾದ ಕೆಲಸವೇ ತಮಗಿಲ್ಲವೆಂಬಂತೆ. ಆಮೇಲೆ ನಾನೇ ಹೇಳಿದೆ, ಅದು ಚೋಕು ಎಂದು. ಅಲ್ಲಿಂದ ಶುರುವಾಗಿ ನಿಲ್ಕುಂದದ ಹೋಮದ ಹೊಗೆಯವರೆಗೆ ಬಂದಾಗ ನೆಂಟರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು.